ಉರಿ ಹಚ್ಚಿ ತಂಪು ಮಾಡುವ ಪೆಟ್ಟಿಗೆ

ಶ್ರೀರಂಗಪಟ್ಟಣ, ಹೊರಡುವ ಮೊದಲು

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಒಂದೇ. ಹಿಮದ ಬೆಟ್ಟ ನೋಡಿದೆಯಾ, ಕುರಿ ಮಂದೆ ನೋಡಿದೆಯಾ? ನೋಡಿದೆ. ಬೆಟ್ಟ ಬೆಟ್ಟದ ಹಾಗೇ ಇತ್ತು, ಕುರಿ ಕುರಿಯ ಹಾಗೇ ಇತ್ತು. ಆದರೆ ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಒಂದು ಫ್ರಿಜ್ಜನ್ನು. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ವಿಮಾನದಲ್ಲಿ ಹೋಗಿ ಫ್ರಿಜ್ಜು ನೋಡಿ ಬಂದಳಂತೆ ಎಂದು ನಮ್ಮ ಬೀದಿಯಲ್ಲಿ ಈಗಾಗಲೇ ಹೆಸರಾಗಿದೆ.

ಆ ಫ್ರಿಜ್ಜು ಇದ್ದದ್ದು ನನ್ನ ಅಕ್ಕನ ಮಗಳು ಶಿಲ್ಪಳ ವ್ಯಾನಿನಲ್ಲಿ. ಶಿಲ್ಪ ಅಲ್ಲಿ ಹಾಲಿನ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ರಜೆಯಲ್ಲಿ ಸುತ್ತಾಡಲೆಂದು ಹಳೆಯದೊಂದು ಕ್ಯಾಂಪರ್ ವ್ಯಾನು ಕೊಂಡಿದ್ದಾಳೆ. ಮಂಚ, ಒಲೆ, ಸಿಂಕು, ಫ್ರಿಜ್ಜು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಓಡುವ ಗಾಡಿ ಅದು. “ನೀನೂ ಅಪ್ಪಾಜೀನೂ ಬನ್ನಿ ಚಿಕ್ಕಮ್ಮ. ಅಪ್ಪಾಜಿ ಒಬ್ರೇ ಅಂದ್ರೆ ಬರಲ್ಲ” ಎಂದು ಫೋನು ಮಾಡಿದಳು. ನಮ್ಮ ಯಜಮಾನರನ್ನೂ ಕರೆದಳು. ಅವರು, “ಮನೆ ಇರಾದು ಒಂದ್ಕಡೆ ಕೂತ್ಕಳಾಕೆ. ಅದ್ಕೆ ಗಾಲಿ ಕಟ್ಕಂಡು ಅಲಿಯಾಕೆ ನಾನೇನ್ ಸರ್ಕಸ್ ಕಂಪ್ನಿಯೋನಾ? ನೀನು ಓಗ್ಬುಟ್ಟು ಬಾ” ಎಂದು ನನ್ನನ್ನು ಸಾಗಹಾಕಿದರು. ವಿಧುರ ಬಾವನ ಜೊತೆ ನಾದಿನಿ ಪರದೇಶಕ್ಕೆ ಹೋಗುವುದೇ ಎಂದು ಒಂದಿಬ್ಬರು ಹುಬ್ಬೇರಿಸಿದ್ದೂ ಉಂಟು. ಪಾಂಡವಪುರದ ಕಚೇರಿಯಲ್ಲಿ ಕೂತು ಜನರ ದೂರು ಕೇಳಿ ಕೇಳಿಯೇ ನಿವೃತ್ತಳಾದವಳು ನಾನು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ನನಗೆ ಚೆನ್ನಾಗಿ ಬರುತ್ತದೆ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಾವ ಚಲುವರಾಜು ಕೆ.ಆರ್. ಪೇಟೆಯಲ್ಲಿ ಫ್ರಿಜ್ಜು, ಒಲೆ, ಗೀಸರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದವರು. ತಮ್ಮ ಮನೆಯ ಬಚ್ಚಲಿಗೆ ಗ್ಯಾಸ್ ಗೀಸರನ್ನು ಅವರೇ ಕೂರಿಸಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಸ್ನಾನಕ್ಕೆ ಹೋದ ನಮ್ಮ ರತ್ನಕ್ಕ ಹೊರಗೆ ಬರಲಿಲ್ಲ. ಬಾಗಿಲು ಒಡೆದಾಗ ನೀರು ಇನ್ನೂ ಸುರಿಯುತ್ತಿತ್ತು. ಬಚ್ಚಲಿನ ಗವಾಕ್ಷಿಗೆ ಗೋಣಿಚೀಲ ತುರುಕಿತ್ತು. ತುರುಕಿದವರು ಬಾವನೇ. ಗಾಳಿ ಸಾಲದ ಉರಿಯಿಂದ ವಿಷ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂಬುದು ನಮಗೆಲ್ಲ ಆಮೇಲೆ ಗೊತ್ತಾಯಿತು. ಕಸುಬಿನವರಾದ ಬಾವನಿಗೆ ಮೊದಲೇ ಗೊತ್ತಿತ್ತು. ಶಿಲ್ಪಳಿಗೆ ನುಂಗಲಾಗದೆ ಉಳಿದದ್ದು ಅದೇ.

ಆಗ ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ತಂದೆಯ ಜೊತೆ ಮಾತು ಬಿಡಲಿಲ್ಲ, ಜಗಳವಾಡಲಿಲ್ಲ. ಮನೆಗೆ ಬಂದವಳೇ ಗ್ಯಾಸ್ ಒಲೆ ತೆಗೆಸಿ ಕರೆಂಟಿನ ಒಲೆ ಇಡಿಸಿದಳು. “ಅಪ್ಪಾಜಿ, ಇನ್ಮೇಲೆ ನೀನು ಗ್ಯಾಸ್ ಮುಟ್ಕೂಡ್ದು” ಎಂದಳು. ಬಾವ ಅಂಗಡಿಯನ್ನೇ ಮುಚ್ಚಿದರು. ಆ ಗೋಣಿಚೀಲ ಯಾಕೆ ತುರುಕಿದರು ಎಂದು ಅವಳು ಕೇಳಲಿಲ್ಲ, ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಏನೋ ಬೇಜವಾಬ್ದಾರಿ ಎಂದುಕೊಂಡು ಸುಮ್ಮನಾದೆವು.

ಕ್ರೈಸ್ಟ್‌ಚರ್ಚ್

ಆ ದೇಶದವರಿಗೆ ಕಳ್ಳರಿಗಿಂತ ಬೀಜ, ಮಣ್ಣು, ಹುಳುಗಳ ಭಯ ಹೆಚ್ಚು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದ ಅಧಿಕಾರಿಣಿ ರಾಗಿಹಿಟ್ಟಿನ ಪೊಟ್ಟಣವನ್ನು ಮೂಸಿ, ಅಲ್ಲಾಡಿಸಿ, ಪಕ್ಕದವಳಿಗೂ ಮೂಸಿಸಿದಳು. ಇದರಿಂದ ಏನು ಮಾಡುತ್ತೀರಿ ಎಂದು ಕೇಳಿದಳು. ಮುದ್ದೆ ಎಂದೆ. ಮುದ್ದೆ ಎಂದರೇನೆಂದು ಕೈಯಲ್ಲಿ ಉಂಡೆ ಕಟ್ಟಿ, ಅಗಿಯದೆ ನುಂಗಿ ತೋರಿಸಿದೆ. ಅವಳಿಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಹಿಟ್ಟು ವಾಪಸ್ಸು ಕೊಟ್ಟಳು. ಮಜ್ಜಿಗೆ ಮೆಣಸಿನಕಾಯಿಯನ್ನು ಮಾತ್ರ ಕಿತ್ತುಕೊಂಡಳು. ಹಾಲಿನ ಪದಾರ್ಥವಂತೆ, ಒಳಗೆ ಬಿಡುವ ಹಾಗಿಲ್ಲವಂತೆ. ಹಾಲಿನ ಹೊಳೆಯೇ ಹರಿಯುವ ದೇಶಕ್ಕೆ ನಮ್ಮ ನಾಲ್ಕು ಮೆಣಸಿನಕಾಯಿಯ ಹೆದರಿಕೆ.

ಶಿಲ್ಪಳ ವ್ಯಾನು ಬೆಳ್ಳಗೆ, ಎತ್ತರಕ್ಕೆ ಇತ್ತು. ಒಳಗೆ ಬಾಗಿಲ ಪಕ್ಕದಲ್ಲೇ ಫ್ರಿಜ್ಜು. ಬಾವ ಅದರ ಮುಂದೆ ನಿಂತು ಕಿವಿಗೊಟ್ಟರು. ಗುರ್ರ್ ಎನ್ನುವ ಸದ್ದೇ ಇಲ್ಲ.

“ಕಂಪ್ರೆಸರ್ ಇಲ್ಲ ಅಲ್ವಾ ಮಗಾ ಇದ್ರಲ್ಲಿ?”

“ಇಲ್ಲ ಅಪ್ಪಾಜಿ. ಪ್ರೊಪೇನ್ ಗ್ಯಾಸಿಂದು. ಇಂದ್ಗಡೆ ಒಂದು ಸಣ್ಣ ಉರಿ ಇರ್ತದೆ. ಅದ್ರಿಂದ್ಲೇ ತಣ್ಣಗಾಗೋದು.”

ಉರಿ ಹಚ್ಚಿ ತಣ್ಣಗೆ ಮಾಡುವುದೆಂದರೆ ನನಗೆ ನಗು ಬಂತು. ಆದರೆ ಬಾವನಿಗೆ ಗೊತ್ತಿತ್ತು. ಕೊಳವೆಯೊಳಗೆ ಅಮೋನಿಯ ಬೆರೆತ ನೀರು ಇರುತ್ತದಂತೆ. ಉರಿ ಅದನ್ನು ಕಾಯಿಸಿ ಮೇಲಕ್ಕೆ ಕಳಿಸುತ್ತದೆ, ಅದು ಸುತ್ತಾಡಿ ಕೆಳಗೆ ಇಳಿಯುವಾಗ ಒಳಗಿನ ಶಾಖ ಹೀರಿಕೊಂಡು ಬರುತ್ತದೆ. ಉರಿಯ ಹೊಗೆ ಹೋಗಲು, ಹಿಂದಿನ ಬಿಸಿ ಗಾಳಿ ಹೋಗಲು ವ್ಯಾನಿನ ಹೊರಮೈಯಲ್ಲಿ ಎರಡು ಜಾಲರಿ, ಕೆಳಗೊಂದು ಮೇಲೊಂದು. ಇಷ್ಟನ್ನೂ ಅವರು ಎರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೇಳಿದರು. ಅಂಗಡಿ ಮುಚ್ಚಿದ ಮೇಲೆ ಬಂದ ಅಭ್ಯಾಸ ಅದು. ಯಾವ ಯಂತ್ರದ ಮುಂದೆ ನಿಂತರೂ ಕೈ ಹಿಂದಕ್ಕೆ ಹೋಗುತ್ತದೆ.

ಮನೆಯಲ್ಲಿ ಗ್ಯಾಸ್ ಬೇಡವೆಂದವಳು ಗಾಡಿಯಲ್ಲಿ ಯಾಕೆ ಇಟ್ಟುಕೊಂಡೆ ಎಂದು ನಾನು ಕೇಳಿಯೇ ಬಿಟ್ಟೆ. ಕಾಡಿನಲ್ಲಿ ಕರೆಂಟು ಎಲ್ಲಿ ಸಿಗುತ್ತದೆ ಚಿಕ್ಕಮ್ಮ ಎಂದಳು. ಆಮೇಲೆ ತನ್ನ ಕಟ್ಟಲೆಗಳನ್ನು ಓದಿ ಹೇಳಿದ ಹಾಗೆ ಹೇಳಿದಳು. ಗಾಡಿ ಓಡುವಾಗ ಸಿಲಿಂಡರ್ ಬಂದ್, ಆಗ ಫ್ರಿಜ್ಜು ಬ್ಯಾಟರಿಯಲ್ಲಿ. ಪೆಟ್ರೋಲ್ ಬಂಕಿನ ಹತ್ತಿರ ಉರಿ ಇರಲೇ ಕೂಡದು. ನಿಂತ ಮೇಲೆ ಗ್ಯಾಸು, ಹಚ್ಚುವುದು ಅವಳೊಬ್ಬಳೇ. ಒಳಗೆ ಮೇಲುಗಡೆ ಅಂಟಿಸಿದ್ದ ಬಿಳಿಯ ಬಿಲ್ಲೆಯೊಂದನ್ನು ತೋರಿಸಿದಳು. ಆ ಬಣ್ಣವಿಲ್ಲದ ವಿಷ ಒಳಗೆ ಬಂದರೆ ಅದು ಕೂಗುತ್ತದೆ. “ಕೂಗುದ್ರೆ ಯಾಕೆ ಅಂತ ಯೋಚ್ನೆ ಮಾಡ್ಬೇಡಿ. ಆಚೆ ಓಡಿ” ಎಂದಳು. ಹೇಳುವಾಗ ತಂದೆಯ ಮುಖ ನೋಡಲಿಲ್ಲ. ಬಾವ ಮಾತ್ರ ಆ ಬಿಲ್ಲೆಯನ್ನೇ ಬಹಳ ಹೊತ್ತು ನೋಡಿದರು. ಅಂಥದೊಂದು ರತ್ನಕ್ಕನ ಬಚ್ಚಲಲ್ಲಿ ಇದ್ದಿದ್ದರೆ ಎಂದು ನನಗೂ ಅನ್ನಿಸಿತು. ಕಾಫಿ ಮಾಡಲು ಎದ್ದೆ.

ಫ್ರಿಜ್ಜು ಸಾಕಷ್ಟು ತಂಪಾಗುತ್ತಿಲ್ಲ ಎಂಬುದು ಶಿಲ್ಪಳ ಹಳೆಯ ದೂರು. ಬಾವ ಎರಡು ದಿನ ನೋಡಿ, ಅಳೆದು ಸುರಿದು, ಬಾಯಿಬಿಟ್ಟರು.

“ಇಂದ್ಗಡೆ ಬಿಸಿ ಗಾಳಿ ಅಲ್ಲೇ ಕೂತ್ಕತದೆ ಮಗಾ. ಮೇಲ್ಗಡೆ ಜಾಲ್ರಿ ಒಳಗೆ ಒಂದ್ ಸಣ್ಣ ಫ್ಯಾನು ಕೂರ್ಸುದ್ರೆ ಆಚ್ಗೆ ತಳ್ತದೆ. ಬ್ಯಾಟ್ರಿ ಕೆಲ್ಸ. ಗ್ಯಾಸ್ಗೂ ಅದ್ಕೂ ಸಂಬಂದ ಇಲ್ಲ.”

ಶಿಲ್ಪ ಯೋಚಿಸಿದಳು. ಸಿಲಿಂಡರನ್ನು ತಾನೇ ಬಂದ್ ಮಾಡಿದಳು, ಎರಡು ಸಲ ತಿರುಗಿಸಿ ನೋಡಿದಳು. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಅಂಗೈಯಗಲದ ಫ್ಯಾನು ತಂದುಕೊಟ್ಟು ಪಕ್ಕದಲ್ಲೇ ಕಾವಲು ನಿಂತಳು. ಬಾವ ಜಾಲರಿ ಬಿಚ್ಚಿ, ಹೊಗೆ ಹೋಗುವ ದಾರಿಗೆ ಅಡ್ಡವಾಗದ ಹಾಗೆ ಫ್ಯಾನನ್ನು ಒಂದು ಬದಿಗೆ ಕೂರಿಸಿದರು. ನಾನು ಒಳಗೆ ಕೂತಿದ್ದೆ. ಅವರು ಹೊರಗಿನಿಂದ ಟಾರ್ಚು ಬಿಟ್ಟಾಗ ಫ್ರಿಜ್ಜಿನ ಪಕ್ಕದ ಸಂದಿನಿಂದ ಬೆಳಕು ನನ್ನ ಸೀರೆಯ ಮೇಲೆ ಗೆರೆಯಾಗಿ ಬಿತ್ತು. ಹೇಳಿದೆ. ಬಾವನ ಕೈ ನಿಂತಿತು.

“ಅದು ಕಾಣ್ಕೂಡ್ದು. ಫ್ರಿಜ್ಜಿನ ಬೆನ್ನು ಆಚೇಕ್ ಸೇರಿದ್ದು, ಒಳೀಕಲ್ಲ. ಮೊದ್ಲು ಇಟ್ಕಂಡಿದ್ದೋರು ಯಾವ್ದೋ ವೈರ್ ಎಳಿಯಾಕೆ ಸೀಲ್ ಕಿತ್ತವ್ರೆ. ಇದ್ನ ಮುಚ್ಬೇಕು ಕಣವ್ವಾ.”

“ಅದು ಲೈಸೆನ್ಸ್ ಇರೋರು ಮಾಡ್ಬೇಕಾದ್ದು ಅಪ್ಪಾಜಿ. ವಾಪಸ್ ಬಂದ್ಮೇಲೆ ತೋರಿಸ್ತೀನಿ. ನೀನು ಬುಡು.”

ಬಾವ ಬಿಟ್ಟರು. ಕೈಗಳು ಮತ್ತೆ ಬೆನ್ನ ಹಿಂದೆ ಹೋದವು.

ಟೆಕಪೊ ಸರೋವರ

ಇಲ್ಲಿ ನೀರಿನ ಬಣ್ಣ ನಮ್ಮ ಮದುವೆ ಸೀರೆಗಳಲ್ಲಿ ಮಾತ್ರ ಸಿಗುವ ನೀಲಿ. ವ್ಯಾನುಗಳು ತಂಗುವ ಬಯಲು ಸರೋವರದ ದಂಡೆಯಲ್ಲಿದೆ. ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಆರಡಿ ಗಂಡಸರು ಚಡ್ಡಿ ಹಾಕಿಕೊಂಡು, ಬರಿಗಾಲಲ್ಲಿ, ಗಂಭೀರವಾಗಿ ಪಾತ್ರೆ ತೊಳೆಯುತ್ತಾರೆ. ಹಲೋ ಎನ್ನುತ್ತಾರೆ, ಹವಾಮಾನ ಹೇಳುತ್ತಾರೆ, ಹೊರಟುಹೋಗುತ್ತಾರೆ. ನೀವು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಒಬ್ಬರಾದರೂ ಕೇಳಲಿಲ್ಲ. ಮೊದಲು ಹಾಯೆನಿಸಿತು. ಎರಡನೆಯ ದಿನ ಯಾರಾದರೂ ಕೇಳಬಾರದೇ ಎನಿಸಿತು.

ಪಕ್ಕದ ವ್ಯಾನಿನ ಮುದುಕ ಸಂಜೆಯಾದರೆ ಗಾರೆಯವರ ರಸಮಟ್ಟ ಹಿಡಿದು ಇಳಿಯುತ್ತಿದ್ದ. ಚಕ್ರದ ಕೆಳಗೆ ಬೆಣೆ ಇಟ್ಟು, ಒಳಗೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೂ ಗಾಡಿಯನ್ನು ಹಿಂದೆ ಮುಂದೆ ಮಾಡುತ್ತಿದ್ದ. ಶಿಲ್ಪಳೂ ಹಾಗೇ ಮಾಡುತ್ತಿದ್ದಳು. ಗಾಡಿ ಓರೆಯಾದರೆ ಕೊಳವೆಯೊಳಗೆ ಇಳಿಯಬೇಕಾದ್ದು ಇಳಿಯುವುದಿಲ್ಲ, ಫ್ರಿಜ್ಜು ತಣ್ಣಗಾಗುವುದಿಲ್ಲ, ಹಾಗೇ ಬಹಳ ಹೊತ್ತು ನಡೆಸಿದರೆ ಕೆಟ್ಟೇ ಹೋಗುತ್ತದೆ.

ಅವಳು ಗುಳ್ಳೆ ಸರಿಮಾಡಿ ಕೈ ಒರೆಸಿಕೊಳ್ಳುವಾಗ ನಾನು ಸೂರ್ಯ ಮುಳುಗುವ ದಿಕ್ಕು ನೋಡಿ ಲೆಕ್ಕ ಹಾಕಿದೆ. ಮಲಗಿದರೆ ನನ್ನ ತಲೆ ನೆಟ್ಟಗೆ ಉತ್ತರಕ್ಕೆ. ಹುಟ್ಟಿದಾಗಿನಿಂದ ಉತ್ತರಕ್ಕೆ ತಲೆ ಹಾಕಿ ಮಲಗಿದವಳಲ್ಲ ನಾನು. ದಿಂಬನ್ನು ಮಂಚದ ಆಚೆ ತುದಿಗೆ ಹಾಕೋಣವೆಂದರೆ ಅಲ್ಲಿ ಕಾಲು ಮಾತ್ರ ತೂರುವ ಗೂಡು.

“ಚಿಕ್ಕಮ್ಮ, ಈ ದೇಶ್ದಲ್ಲಿ ಸೂರ್ಯನೇ ಉತ್ತರದ ಕಡೆ ಓಡಾಡ್ತಾನೆ. ಎಲ್ಲಾ ಉಲ್ಟಾ. ಇಲ್ಲಿ ಉತ್ತರಕ್ಕೇ ತಲೆ ಹಾಕ್ಬೇಕೇನೋ.”

“ಸೂರ್ಯ ಎಲ್ಲಾದ್ರೂ ಓಡಾಡ್ಲಿ. ಯಮ ಎಲ್ಲಾ ದೇಶಕ್ಕೂ ಒಬ್ನೇ” ಎಂದೆ. ಬಾವ, “ಸರೋಜ, ಫ್ರಿಜ್ಜು ಓರೆ ಆಯ್ತದೆ” ಎಂದರು. ಒಂದು ರಾತ್ರಿಗೆ ಏನಾಗುತ್ತದೆ ಎಂದೆ. ಶಿಲ್ಪ ಸೋತು, ಗಾಡಿಯನ್ನು ಪಕ್ಕದ ಇಳಿಜಾರು ಹುಲ್ಲಿನ ಮೇಲೆ ತಿರುಗಿಸಿ ನಿಲ್ಲಿಸಿದಳು. ನಾನು ದಕ್ಷಿಣಕ್ಕೆ ತಲೆ ಹಾಕಿ ಸುಖವಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹಾಲು ಒಡೆದಿತ್ತು, ಮೊಸರು ಹುಳಿಯಾಗಿ ಬಾಯಿಗಿಡಲು ಬರುತ್ತಿರಲಿಲ್ಲ, ಬೆಣ್ಣೆ ಎಣ್ಣೆಯಾಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಉತ್ತರ ಕೊಡಬಹುದಿತ್ತು. ಪಕ್ಕದ ಮುದುಕ ನಮ್ಮ ಓರೆ ಗಾಡಿ ನೋಡಿ ರಸಮಟ್ಟವನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋದ. ಆಮೇಲೆ ಎಲ್ಲಿ ತಂಗಿದರೂ ನಾನು ದಿಕ್ಕು ಕೇಳಲಿಲ್ಲ. ಮಲಗುವಾಗ ಮನಸ್ಸಿನಲ್ಲಿ ಒಂದು ಕ್ಷಮೆ ಕೇಳಿಕೊಂಡು ಮಲಗುತ್ತಿದ್ದೆ.

ಲಿಂಡಿಸ್ ಕಣಿವೆಯ ದಾರಿ

ಇಲ್ಲಿ ಬೆಟ್ಟಗಳಿಗೆ ಮರವಿಲ್ಲ. ಒಣಗಿದ ಹುಲ್ಲು ಹೊದ್ದುಕೊಂಡು ಮಲಗಿವೆ. ನಾಗಮಂಗಲದ ಕಡೆಯಿಂದ ದೇವಲಾಪುರಕ್ಕೆ ಹೋಗುವಾಗ ಕಾಣುವ ಬೆದ್ದಲು ಬಾರೆಯ ಒಣ ದಿಬ್ಬಗಳನ್ನು ಹಿಗ್ಗಿಸಿ, ಎತ್ತರಿಸಿ, ಜನರನ್ನು ತೆಗೆದುಬಿಟ್ಟರೆ ಹೀಗೇ ಕಾಣಬಹುದು. ಎದುರಿಗೆ ಗಾಡಿ ಬಂದರೆ ಓಡಿಸುವವರು ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದೇ ನಮಸ್ಕಾರ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರು ಎದುರಾದರೆ ಎತ್ತುವ ಕೈಗೆ ಬೇರೆಯೇ ಅರ್ಥ.

ದಾರಿಬದಿಯ ಡಬ್ಬಿಯೊಂದರಲ್ಲಿ ಕೋಳಿಮೊಟ್ಟೆ ಇಟ್ಟಿದ್ದರು. ಕಾಯುವವರಿಲ್ಲ. ತೆಗೆದುಕೊಂಡು ದುಡ್ಡು ಹಾಕಿ ಹೋಗಬೇಕು. ಬಾವ ಸುತ್ತಮುತ್ತ ನೋಡಿ, ಎಲ್ಲಾದರೂ ಕ್ಯಾಮೆರಾ ಇರಬಹುದೇ ಎಂದು ಹುಡುಕಿದರು. ಇರಲಿಲ್ಲ. “ಇಂಗೆ ನಂಬ್ಬುಟ್ರೆ ಕದಿಯಾಕೇ ಮನ್ಸು ಬರಾಕಿಲ್ಲ ಬುಡು” ಎಂದರು. ಹೇಳಿ ಕೆಮ್ಮಿದರು.

ಕೆಮ್ಮು ಆಗಲೇ ಹತ್ತಿಕೊಂಡಿತ್ತು. ಬಾವನ ಮಂಚ ಫ್ರಿಜ್ಜಿಗೆ ಒತ್ತಿಕೊಂಡಿದ್ದದ್ದು. ಜಾಲರಿಯಿಂದ ನುಗ್ಗಿದ ಗಾಳಿ ಆ ಸಂದಿನಿಂದ ಸುಯ್ಯನೆ ಅವರ ಕುತ್ತಿಗೆಗೇ ಬರುತ್ತಿತ್ತು. ಮಂಕಿ ಟೋಪಿ ಹಾಕಿ, ಮಫ್ಲರು ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ನಮ್ಮ ಕಡೆಯವರಿಗೆ ಎಲ್ಲಾ ರೋಗವೂ ಬರುವುದು ಕಿವಿಯಿಂದಲೇ, ಅದೂ ಗಾಳಿಯ ರೂಪದಲ್ಲಿ. ಮುಂಜಾನೆಗೆ ಮೈ ಬೆಚ್ಚಗಾಯಿತು. ಶಿಲ್ಪ ಹಣೆ ಮುಟ್ಟಿ ನೋಡಿದಳು. ಅಮ್ಮ ಹೋದ ಮೇಲೆ ಅವಳು ತಂದೆಯನ್ನು ಮುಟ್ಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆಮೇಲೆ ಅವಳು ಹೊರಗೆ ಹೋದಳು. ಟೇಪು ಹರಿಯುವ ಸದ್ದು ಕೇಳಿಸಿತು. ಬಂದವಳು, “ಈಗ ಗಾಳಿ ಬರಲ್ಲ, ಮಲಕ್ಕೋ ಅಪ್ಪಾಜಿ” ಎಂದು ಗಾಡಿ ಹೊರಡಿಸಿದಳು. ಫ್ರಿಜ್ಜು ಬ್ಯಾಟರಿಯಲ್ಲಿತ್ತು, ಸಿಲಿಂಡರ್ ಬಂದಾಗಿತ್ತು. ಬಾವ ಆ ದಾರಿಯುದ್ದಕ್ಕೂ ಮಗುವಿನ ಹಾಗೆ ನಿದ್ದೆ ಮಾಡಿದರು.

ಹಾವಿಯಾ ಸರೋವರ

ಮಧ್ಯಾಹ್ನ ತಂಗುದಾಣ ಮುಟ್ಟಿದೆವು. ತುಂತುರು ಮಳೆ. ಶಿಲ್ಪ ಬೆಣೆ ಇಟ್ಟಳು, ಗುಳ್ಳೆ ನೋಡಿದಳು, ಸಿಲಿಂಡರ್ ತೆರೆದಳು, ಒಳಗೆ ಬಂದು ಫ್ರಿಜ್ಜಿನ ಗುಂಡಿ ಒತ್ತಿ ಟಕ್ ಟಕ್ ಎನ್ನಿಸಿ ಉರಿ ಹಚ್ಚಿದಳು. ದಿನಾ ಮಾಡುತ್ತಿದ್ದದ್ದೇ, ಕೈಗೆ ರೂಢಿಯಾದ ಕೆಲಸ. ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಕಿಟಕಿಗಳನ್ನೆಲ್ಲ ಮುಚ್ಚಿ, ಬಾವನನ್ನು ಮಲಗಿಸಿ, ನಾವಿಬ್ಬರೂ ಕೊಡೆ ಹಿಡಿದು ದಂಡೆಯ ಮೇಲೆ ನಡೆಯಲು ಹೋದೆವು. ಹಳದಿ ಎಲೆಗಳ ಪಾಪ್ಲರ್ ಮರಗಳು ಸಾಲಾಗಿ ನಿಂತಿದ್ದವು. ಶಿಲ್ಪ ತನ್ನ ಕಾರ್ಖಾನೆಯ ಹಾಲಿನ ಲಾರಿಗಳ ವಿಷಯ ಹೇಳುತ್ತಿದ್ದಳು. ನಾನು ನಮ್ಮ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಕ್ಯಾನುಗಳ ಮುಂದೆ ನಡೆಯುವ ಜಗಳ ನೆನಪಿಸಿದೆ. ಇಬ್ಬರೂ ನಕ್ಕೆವು.

ವಾಪಸ್ಸು ಬರುವಾಗ ದೂರದಿಂದಲೇ ಕೇಳಿಸಿತು. ಯಾವುದೋ ಹಕ್ಕಿ ಎಂದುಕೊಂಡೆ. ಶಿಲ್ಪ ನಿಂತಳು. ಕೊಡೆ ಎಸೆದು ಓಡಿದಳು. ಆ ಬಿಲ್ಲೆ ಕೂಗುತ್ತಿತ್ತು.

ನಾನು ಓಡುವವಳಲ್ಲ. ಆದರೂ ಓಡಿದೆ. ಓಡುತ್ತಾ ನನಗೆ ಕಂಡದ್ದು ಸರೋವರವಲ್ಲ, ಕೆ.ಆರ್. ಪೇಟೆಯ ಮನೆಯ ಬಚ್ಚಲ ಬಾಗಿಲು. ಇನ್ನೊಂದು ಸಲ ಬೇಡಪ್ಪಾ, ಈ ಹುಡುಗಿಗೆ ಇನ್ನೊಂದು ಸಲ ಬೇಡ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

ವ್ಯಾನಿನ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಕಿಟಕಿಗಳೂ ತೆರೆದಿದ್ದವು. ಬಾವ ಹೊರಗೆ, ಮಳೆಯಲ್ಲಿ, ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಟೋಪಿ ಒಂದು ಕಡೆ ಜಾರಿತ್ತು. ಮುಂದೆ ವಾಂತಿ ಮಾಡಿಕೊಂಡ ಗುರುತಿತ್ತು. ಮಗಳನ್ನು ಕಂಡು ಅಂಗೈ ಎತ್ತಿ ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು.

“ಒಳೀಕ್ ಓಗ್ಬೇಡ. ಗಾಳಿ ಆಡ್ಲಿ. ಸಿಲಿಂಡ್ರು ಬಂದ್ ಮಾಡಿವ್ನಿ. ಮುಟ್ಕೂಡ್ದು ಅಂದಿದ್ದೆ, ಬೇರೆ ದಾರಿ ಇರ್ನಿಲ್ಲ.”

ಶಿಲ್ಪ ಅವರ ಮುಂದೆ ಕುಸಿದು ಕೂತಳು. “ಏನಾಯ್ತು ಅಪ್ಪಾಜಿ? ಎಂಗಾಯ್ತು?”

“ಏನಿಲ್ಲ ಕಣವ್ವಾ. ಎಲೆಗಿಲೆ ಬಂದು ಜಾಲ್ರಿಗೆ ಮೆತ್ಕಂಡಿತ್ತು. ತೆಗ್ದೆ.”

ಅವರು ಕೂತಿದ್ದ ರೀತಿ ನನಗೆ ಸರಿಕಾಣಲಿಲ್ಲ. ಕುರ್ಚಿಯಲ್ಲಿ ಒಂದು ಬದಿಗೆ ವಾಲಿ, ತೊಡೆಯ ಕೆಳಗೆ ಏನನ್ನೋ ಅಮುಕಿ ಹಿಡಿದುಕೊಂಡಿದ್ದರು. ಒದ್ದೆಯಾದ ರಟ್ಟಿನ ಮೂಲೆಯೊಂದು ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಟೇಪು ಇತ್ತು. ಶಿಲ್ಪಳೂ ನೋಡಿದಳು. ತಿರುಗಿ ವ್ಯಾನಿನ ಕ‍ಡೆ ನೋಡಿದಳು. ಎರಡು ಜಾಲರಿಗಳ ಅಂಚಿನಲ್ಲೂ ಹರಿದ ಟೇಪಿನ ಚೂರುಗಳು ಉಳಿದಿದ್ದವು. ಬೆಳಿಗ್ಗೆ ಗಾಳಿ ಬರದಿರಲೆಂದು ರಟ್ಟು ಅಂಟಿಸಿದ್ದವಳು ಅವಳೇ. ಮಧ್ಯಾಹ್ನ ಅದನ್ನು ಮರೆತು ಉರಿ ಹಚ್ಚಿದವಳೂ ಅವಳೇ. ಹೊಗೆಗೆ ಹೊರದಾರಿ ಇಲ್ಲದೆ ಅದು ಸಂದಿನಿಂದ ಒಳಗೆ, ಬಾವನ ತಲೆಯ ಹತ್ತಿರಕ್ಕೇ ಬಂದಿತ್ತು.

“ನಾನೇ ಅಪ್ಪಾಜಿ” ಎಂದಳು. “ನಾನೇ ಮುಚ್ಚಿದ್ದು. ನಿಂಗೆ ಸೀತ ಆಗ್ದಿರ್ಲಿ ಅಂತ ಮುಚ್ಚಿದ್ದು.”

“ಗೊತ್ತು ಕಣವ್ವಾ.” ಬಾವ ರಟ್ಟನ್ನು ತೊಡೆಯ ಕೆಳಗಿನಿಂದ ತೆಗೆಯಲಿಲ್ಲ. “ಗೊತ್ತಿದ್ದೂ ಮರ್ತೋಯ್ತದೆ. ನಿಮ್ಮವ್ವಂಗೂ ಆವತ್ತು ಜ್ವರ ಬಂದು ಇಳ್ದಿತ್ತು. ಬಚ್ಚಲ್ಗೆ ತಣ್ಣಗೆ ಗಾಳಿ ಬತ್ತದೆ ಅಂದ್ಲು. ರಾತ್ರಿ ತುರುಕ್ದೆ, ಒತ್ತಾರೆ ಅವ್ಳು ನೀರ್ ಉಯ್ಕಳಾಕೆ ಓಗೋ ಮುಂಚೆ ತೆಗ್ದುಬುಡನ ಅಂತ. ತೋಟಕ್ಕೆ ಓಗ್ಬುಟ್ಟೆ.”

ಮಳೆ ಸಣ್ಣಗೆ ಬೀಳುತ್ತಲೇ ಇತ್ತು. ಒಳಗೆ ಬಿಲ್ಲೆ ಕೂಗುವುದನ್ನು ನಿಲ್ಲಿಸಿತ್ತು. ಶಿಲ್ಪ ತಂದೆಯ ಮಂಡಿಯ ಮೇಲೆ ಹಣೆಯಿಟ್ಟು ಅತ್ತಳು. ಇಷ್ಟು ವರ್ಷದಲ್ಲಿ ಅಳದೆ ಇಟ್ಟುಕೊಂಡದ್ದೆಲ್ಲ ಅದರಲ್ಲಿತ್ತು. ನಾನೂ ಅತ್ತೆ, ಯಾಕೆ ಮುಚ್ಚಿಡಬೇಕು. ಬಾವ ಮಾತ್ರ ಅಳಲಿಲ್ಲ. ಅವಳ ಕೂದಲ ಮೇಲೆ ಬಿದ್ದ ಮಳೆಹನಿಗಳನ್ನು ಮಫ್ಲರಿನ ತುದಿಯಿಂದ ಒರೆಸುತ್ತಾ, “ಎದ್ದೇಳು, ನಿಂಗೂ ಸೀತ ಆಯ್ತದೆ” ಎಂದರು.

ಕೂಗು ಕೇಳಿ ತಂಗುದಾಣದ ಒಡತಿ ಓಡಿ ಬಂದಿದ್ದಳು. ಅವಳು ಒಂದು ಮಾತೂ ಕೇಳದೆ ಬಾವನನ್ನೂ ನಮ್ಮನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ಈ ವಿಷ ಉಸಿರಾಡಿದವರು ನಾನು ಚೆನ್ನಾಗಿದ್ದೇನೆ ಎಂದರೂ ನಂಬಬಾರದು, ಡಾಕ್ಟರು ನೋಡಲೇಬೇಕು ಎಂದು ದಾರಿಯಲ್ಲಿ ಹೇಳಿದಳು. ರಕ್ತ ಪರೀಕ್ಷೆ ಮಾಡಿ, ಮುಖಕ್ಕೆ ಆಮ್ಲಜನಕ ಇಟ್ಟು, ಆ ರಾತ್ರಿ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಡಾಕ್ಟರು ಬಿಲ್ಲೆಯ ಬಗ್ಗೆ ಕೇಳಿ ತಿಳಿದು, ಅದರ ಬ್ಯಾಟರಿ ಯಾರು ನೋಡಿಕೊಳ್ಳುತ್ತೀರಿ ಎಂದರು. ಶಿಲ್ಪ ಕೈ ಎತ್ತಿದಳು. ನೀವು ಬದುಕಿರುವುದು ನಿಮ್ಮ ಮಗಳಿಂದ ಎಂದು ಡಾಕ್ಟರು ಬಾವನಿಗೆ ಹೇಳಿದರು. ಶಿಲ್ಪ ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ನಾನು ಹೇಳಿದೆ.

ಕ್ರಾಮ್‌ವೆಲ್

ಮುಂದಿನ ಊರಿನಲ್ಲಿ ಗ್ಯಾಸ್ ಕೆಲಸಕ್ಕೆ ಲೈಸೆನ್ಸ್ ಇದ್ದವಳು ಒಬ್ಬ ಹೆಂಗಸು. ತೋಳಿನ ತುಂಬ ಹಚ್ಚೆ. ಹಚ್ಚೆ ನೋಡಿ ನನಗೆ ನಮ್ಮಜ್ಜಿ ನೆನಪಾದರು. ಅಜ್ಜಿಯದು ಚುಕ್ಕಿ ಮತ್ತು ರಂಗೋಲಿ, ಇವಳದು ಹಡಗು. ಅವಳು ಫ್ರಿಜ್ಜನ್ನು ಪೂರ್ತಿ ಹೊರಗೆಳೆದು ಸಂದನ್ನು ಮುಚ್ಚಿ ಸೀಲ್ ಮಾಡಿದಳು, ಉರಿಯ ಬಾಯಿಯ ಮಸಿ ತೆಗೆದಳು, ಹೊಗೆಕೊಳವೆ ಉಜ್ಜಿದಳು. ಉರಿ ನೀಲಿಯಾಗಿರಬೇಕು, ಹಳದಿಯಾದರೆ ಗಾಳಿ ಸಾಲದೆಂದು ತಿಳಿಯಿರಿ ಎಂದಳು. ಬಾವ ಕೂರಿಸಿದ್ದ ಫ್ಯಾನನ್ನು ಅತ್ತಿತ್ತ ನೋಡಿ, ಇರಲಿ ಎಂದಳು. ನೆಲದ ಹತ್ತಿರದ ಕಿಂಡಿಯನ್ನು ತೋರಿಸಿ, ಸೋರಿದ ಗ್ಯಾಸು ನೀರಿನ ಹಾಗೆ ಕೆಳಗೇ ಇಳಿಯುತ್ತದೆ, ಇದನ್ನು ಎಂದೂ ಮುಚ್ಚಬೇಡಿ, ಎಷ್ಟೇ ಚಳಿಯಾದರೂ ಕಂಬಳಿ ಹೊದ್ದುಕೊಳ್ಳಿ ಎಂದಳು. ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. ಏಳಲಿಲ್ಲ. ಬಾವ ಪಕ್ಕದಲ್ಲೇ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಳು ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ಒಂದೊಂದು ಜೋಡಣೆಯನ್ನೂ ಕಣ್ಣಲ್ಲೇ ಎಣಿಸುತ್ತಿದ್ದರು. ಅವಳು ಹೋದಳು.

ಆ ಸಂಜೆ ಹೊಳೆಯ ದಂಡೆಯಲ್ಲಿ ತಂಗಿದೆವು. ಶಿಲ್ಪ ಬೆಣೆ ಇಟ್ಟು ಗುಳ್ಳೆ ಸರಿಮಾಡಿದಳು. ಎರಡು ಜಾಲರಿಗಳ ಮೇಲೂ ಅಂಗೈ ಆಡಿಸಿ ನೋಡಿದಳು. ಸಿಲಿಂಡರ್ ತೆರೆದಳು. ಒಳಗೆ ಬಂದು ಫ್ರಿಜ್ಜಿನ ಮುಂದೆ ಕೂತವಳು ಗುಂಡಿಯ ಮೇಲೆ ಬೆರಳಿಟ್ಟು, ತೆಗೆದಳು.

“ಅಪ್ಪಾಜಿ, ನೀನೇ ಹತ್ಸು.”

ಬಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದು ಪಂಚೆಗೆ ಒರೆಸಿಕೊಂಡರು. ನಿಧಾನಕ್ಕೆ ಮಂಡಿಯೂರಿ ಕೂತು ಗುಂಡಿ ಒತ್ತಿ ಹಿಡಿದರು. ಟಕ್, ಟಕ್. ಕೆಳಗಿನ ಸಣ್ಣ ಗಾಜಿಗೆ ಕಣ್ಣು ತಾಗಿಸಿ ಬಹಳ ಹೊತ್ತು ನೋಡಿದರು.

“ನೀಲಿ” ಎಂದರು. “ಒಸಿ ಬಂದು ನೋಡು ಮಗಾ, ನೀಲಿಯಾಗೇ ಉರೀತಾ ಅದೆ.”

ಶಿಲ್ಪ ಆಗಲೇ ಎದ್ದು ಮುದ್ದೆಗೆ ನೀರಿಡಲು ಪಾತ್ರೆ ತೆಗೆಯುತ್ತಿದ್ದಳು.

“ನೀನ್ ನೋಡುದ್ಯಲ್ಲ ಅಪ್ಪಾಜಿ,” ಎಂದಳು. “ಸಾಕು.”